ಪೈಪ್‌ಲೈನ್ ಸೋರಿಕೆ ಹಿಡಿಯೋಕೆ ರೋಬೋ ನಿಜಕ್ಕೂ ಬೇಕಾ?

ತುಕ್ಕುಶತ್ರು:
ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಕಚ್ಚಾ ತೈಲದ ಪೈಪ್ ಪಕ್ಕದಲ್ಲೇ ಓಡಾಡುವ ಸಣ್ಣ ರೋಬೋ ಮಾಡುತ್ತಿದ್ದೇವೆ. ಗ್ಯಾಸ್ ಸೆನ್ಸರ್, ಥರ್ಮಲ್ ಕ್ಯಾಮೆರಾ ಎರಡೂ ಇವೆ. ನಮ್ಮ ಗೈಡ್ ಒಂದೇ ಮಾತು ಕೇಳಿದರು, ನಮಗೆ ಬಾಯಿ ಕಟ್ಟಿತು: "ಎರಡೂ ತುದಿಯಲ್ಲಿ ಫ್ಲೋ ಮೀಟರ್ ಇರುತ್ತೆ, ಹೋದದ್ದು ಬರದಿದ್ದರೆ ಕಂಟ್ರೋಲ್ ರೂಮಿಗೆ ಗೊತ್ತಾಗುತ್ತೆ, ಮತ್ತೆ ರೋಬೋ ಯಾಕೆ?" ಏನು ಹೇಳಲಿ?

ಮೀಟರ್‌ಮಾಮ:
ಮೀಟರ್ ದೊಡ್ಡ ಸೋರಿಕೆಗೆ ಸರಿ, ಸಣ್ಣದಕ್ಕೆ ಕುರುಡು. ಮೀಟರಿನಲ್ಲೇ ಒಂದಿಷ್ಟು ತಪ್ಪಿರುತ್ತದೆ, ಎಣ್ಣೆಯ ಬಿಸಿ ಬದಲಾದರೂ ಲೆಕ್ಕ ಅಲುಗಾಡುತ್ತದೆ, ಹಾಗಂತ ಚೂರು ವ್ಯತ್ಯಾಸಕ್ಕೂ ಅಲಾರಂ ಇಟ್ಟರೆ ಅದು ದಿನವಿಡೀ ಹೊಡೆದುಕೊಳ್ಳುತ್ತದೆ, ಆಮೇಲೆ ಯಾರೂ ತಿರುಗಿ ನೋಡಲ್ಲ. ಗಂಟೆಗೆ 1000 ಬ್ಯಾರೆಲ್ ಹರಿಯುವ ಪೈಪಿನಲ್ಲಿ ಶೇ. 1 ಸೋರಿದರೂ ದಿನಕ್ಕೆ 240 ಬ್ಯಾರೆಲ್. ಹತ್ತಿರ ಹತ್ತಿರ 38,000 ಲೀಟರ್!

2006ರ ಮಾರ್ಚ್‌ನಲ್ಲಿ ಅಲಾಸ್ಕಾದ ಪ್ರುಡೋ ಬೇ ತೈಲಕ್ಷೇತ್ರದಲ್ಲಿ ಆಗಿದ್ದೂ ಇದೇ. ಒಳಗಿಂದ ತುಕ್ಕು ತಿಂದು ಸಣ್ಣ ತೂತು ಬಿದ್ದಿತ್ತು, ಹಿಮದಡಿ ದಿನಗಟ್ಟಲೆ ಸೋರಿ 8 ಲಕ್ಷ ಲೀಟರಿನಷ್ಟು ಹೋಯಿತು. ಕೊನೆಗೆ ಪತ್ತೆ ಮಾಡಿದ್ದು ಆ ದಾರಿಯಲ್ಲಿ ಹೋಗುತ್ತಿದ್ದ ಕೆಲಸಗಾರನ ಮೂಗು. ನಿಮ್ಮ ರೋಬೋನೂ ಅಂಥದ್ದೇ ಒಂದು ಮೂಗು ಅಂತ ಗೈಡ್‌ಗೆ ಹೇಳಿ.

ಪಿಗ್‌ಪ್ರೇಮಿ:
ಮೂಗು ಸರಿ, ಪೈಪ್ ಮಣ್ಣೊಳಗೆ ಹೂತಿದ್ದರೆ? ವಾಸನೆ ಮೇಲೆ ಬರುವಷ್ಟರಲ್ಲಿ ಮಣ್ಣು ಕುಡಿದಾಗಿರುತ್ತದೆ. ನಾನಾದರೆ ಪೈಪಿನ ಒಳಗೇ ಇಳಿಸುತ್ತೇನೆ. 'ಪಿಗ್' ಅಂತ ಪೈಪಿನೊಳಗೆ ಸಾಗಿ ತಪಾಸಣೆ ಮಾಡುವ ಸಾಧನ ಒಂದಿದೆಯಲ್ವಾ, ಎಣ್ಣೆಯೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಅದರ ಮ್ಯಾಗ್ನೆಟ್ ಪೈಪಿನ ಗೋಡೆಯನ್ನು ಕಾಂತವಾಗಿಸುತ್ತದೆ, ತುಕ್ಕು ತಿಂದು ತೆಳುವಾದ ಕಡೆ ಆ ಕಾಂತಬಲ ಹೊರಚೆಲ್ಲುತ್ತದೆ, ಸೆನ್ಸರ್ ಬರೆದುಕೊಳ್ಳುತ್ತದೆ. ಅಂದರೆ ತೂತು ಬೀಳುವ ಮೊದಲೇ ಗೊತ್ತು. ತಿರುವು ಜಾಸ್ತಿ ಇರುವ, ನಡುವೆ ಅಗಲ ಬದಲಾಗುವ ಹಳೇ ಲೈನುಗಳಲ್ಲಿ ಮಾತ್ರ ಪಿಗ್ ಸಿಕ್ಕಿಬೀಳುತ್ತದೆ. ಮೋಟಾರ್ ಇರುವ ತೆವಳುವ ರೋಬೋಗೆ ನಿಜವಾದ ಕೆಲಸ ಇರೋದು ಅಲ್ಲಿ.

ತುಕ್ಕುಶತ್ರು:
ಒಳಗಿಳಿಸೋಕೆ ನಮಗೆ ಪೈಪ್ ಕೊಡುವವರು ಯಾರು ಸರ್ 😅 ಹೊರಗೇ ಓಡಿಸಬೇಕು.

ಹಳೇಬ್ಯಾಟರಿ:
ಹಾಗಾದರೆ ಎರಡು ಮಾತು. ಸೆಕೆಂಡಿಗೆ 1 ಮೀಟರ್ ಓಡಿದರೂ 100 ಕಿಲೋಮೀಟರಿಗೆ 28 ಗಂಟೆ ಬೇಕು, ಚಾರ್ಜ್ ಮಾಡುವ ಹೊತ್ತು ಬೇರೆ. ಇಡೀ ಲೈನ್ ಸುತ್ತುತ್ತೇವೆ ಅನ್ನಬೇಡಿ. ವಾಲ್ವ್, ಪಂಪ್ ಸ್ಟೇಷನ್, ನದಿ ದಾಟುವ ಜಾಗ ಇಷ್ಟಕ್ಕೇ ಇಟ್ಟುಕೊಂಡು, ದಿನಕ್ಕೆ ಎಷ್ಟು ಸುತ್ತು ಅಂತ ಬರೆಯಿರಿ. ಇನ್ನು ಸುಮ್ನೆ ಗ್ಯಾಸ್ ಸೆನ್ಸರ್ ಒಂದನ್ನೇ ನಂಬಬೇಡಿ. ನಮ್ಮ ರೋಬೋ ಡೀಸೆಲ್ ಜನರೇಟರ್ ಪಕ್ಕ ಹೋದಾಗಲೆಲ್ಲ 'ಸೋರಿಕೆ' ಅಂತ ಕೂಗಿಕೊಳ್ಳುತ್ತಿತ್ತು, ಡೆಮೋ ದಿನ ಮೂರು ಸಲ. ಗ್ಯಾಸ್ ಮತ್ತು ಕ್ಯಾಮೆರಾ ಎರಡೂ ಒಪ್ಪಿದರೆ ಮಾತ್ರ ಅಲಾರಂ ಅಂತ ಮಾಡಿದ ಮೇಲೆ ತೆಪ್ಪಗಾಯಿತು.