ತಂಡದ ವಿವರಣೆಕಾರನೇ ಟಾಕ್ ಶೋ ನಡೆಸಬಹುದೇ?

ಹಳೆಯ ಟ್ರಾನ್ಸಿಸ್ಟರ್: ಜಾಕ್ ಬಕ್ ಬಗ್ಗೆ ಓದುತ್ತಿದ್ದೇನೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡದ ಪಂದ್ಯಗಳ ವೀಕ್ಷಕ ವಿವರಣೆಯನ್ನು 1954ರಲ್ಲಿ ಶುರು ಮಾಡಿದವರು. ಅಲ್ಲಿನ ಕೆಎಂಒಎಕ್ಸ್ ರೇಡಿಯೋದಲ್ಲಿ ಟಾಕ್ ಶೋ ಕೂಡ ನಡೆಸಿದರು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಮಧ್ಯಾಹ್ನ ತಂಡದ ಆಟವನ್ನು ಬಣ್ಣಿಸಿದವರು, ಸಂಜೆ ಅದೇ ತಂಡವನ್ನು ಕೇಳುಗರು ಫೋನಿನಲ್ಲಿ ಬೈದರೆ ಯಾರ ಕಡೆ ಮಾತನಾಡಬೇಕು?

ಸ್ಕೋರ್ ಪುಸ್ತಕ: ಇಸವಿಗಳನ್ನು ಒಮ್ಮೆ ನೋಡಿ. 1959ರ ಋತು ಮುಗಿದ ಮೇಲೆ ಬಕ್ ಅವರನ್ನು ಆ ಕೆಲಸದಿಂದ ತೆಗೆದರು. ‘ಅಟ್ ಯುವರ್ ಸರ್ವಿಸ್’ ಎಂಬ ಆ ಟಾಕ್ ಶೋ ಶುರುವಾದದ್ದು 1960ರಲ್ಲಿ, ಅಂದರೆ ಅವರ ಕೈಯಲ್ಲಿ ತಂಡವೇ ಇಲ್ಲದಿದ್ದಾಗ. ಆರಂಭದ ಅತಿಥಿ ಅಮೆರಿಕದ ಹಿಂದಿನ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್. ಅವರೊಡನೆ ಪಿಚಿಂಗ್, ಅಂದರೆ ಚೆಂಡೆಸೆತದ ಬಗ್ಗೆ ಚರ್ಚಿಸಿರಲಾರರು!

ಹಳೆಯ ಟ್ರಾನ್ಸಿಸ್ಟರ್: 1961ರಲ್ಲಿ ತಂಡಕ್ಕೆ ಮರಳಿದರಲ್ಲ, ನನ್ನ ಪ್ರಶ್ನೆ ಆ ನಂತರದ್ದು.

ಮೂರನೇ ಅಂಪೈರ್: ಟಾಕ್ ಶೋ ಬಿಡಿ, ಪಂದ್ಯದ ಮಧ್ಯೆಯೇ ನಿಜ ಹೇಳುವುದು ಕಷ್ಟ. 1966ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಯಾಂಕೀಸ್ ಬೇಸ್‌ಬಾಲ್ ತಂಡದ ಪಂದ್ಯಕ್ಕೆ ಬಂದಿದ್ದವರು 413 ಜನ. ಖಾಲಿ ಆಸನಗಳನ್ನು ತೋರಿಸಿ ಎಂದು ಆ ತಂಡದ ವಿವರಣೆಕಾರ ರೆಡ್ ಬಾರ್ಬರ್ ಟಿವಿ ಕ್ಯಾಮೆರಾದವರನ್ನು ಕೇಳಿದರು. ತೋರಿಸಲಿಲ್ಲ. ಇವತ್ತಿನ ಸುದ್ದಿ ಆಟವಲ್ಲ, ಈ ಖಾಲಿ ಗ್ಯಾಲರಿ ಎಂಬ ಅರ್ಥದಲ್ಲಿ ಬಾರ್ಬರ್ ಬಾಯಿಬಿಟ್ಟೇ ಹೇಳಿದರು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಅನ್ನ ಹಾಕುವವರ ಮುಲಾಜು ಎಲ್ಲರಿಗೂ ಇರುತ್ತದೆ, ಸ್ವಾಮಿ.

ಸ್ಕೋರ್ ಪುಸ್ತಕ: ಡೆಟ್ರಾಯಿಟ್ ಕಥೆಯನ್ನೂ ಹೇಳಿ. 1991ರ ಋತುವೇ ಕೊನೆ ಎಂದು ಅಲ್ಲಿನ ಟೈಗರ್ಸ್ ಬೇಸ್‌ಬಾಲ್ ತಂಡದ ವಿವರಣೆಕಾರ ಅರ್ನಿ ಹಾರ್ವೆಲ್ ಅವರನ್ನು ಕಳುಹಿಸಿದಾಗ ಊರೇ ರೊಚ್ಚಿಗೆದ್ದಿತು. ತಂಡದ ಮಾಲೀಕತ್ವ ಬದಲಾಗಿ 1993ರಲ್ಲಿ ಅವರು ಮರಳಿದರು. ಸಂಬಳ ಯಾರದ್ದೇ ಇರಲಿ, ಪ್ರಾದೇಶಿಕ ರೇಡಿಯೋದ ಧ್ವನಿಯನ್ನು ಕೇಳುಗರು ತಮ್ಮದೆಂದೇ ಭಾವಿಸುತ್ತಾರೆ.

ಕಿವಿಗೊಟ್ಟವಳು: ನೀವೆಲ್ಲ ನಿಷ್ಠೆಯ ಲೆಕ್ಕದಲ್ಲೇ ಮುಳುಗಿದ್ದೀರಿ. ಕಸುಬಿನ ಮಾತು ಯಾರೂ ಆಡುತ್ತಿಲ್ಲ. ಅದೇ ಬಾರ್ಬರ್ ಮೂರು ನಿಮಿಷದ ಮರಳು ಗಡಿಯಾರವೊಂದನ್ನು ಎದುರಿಗೆ ಇಟ್ಟುಕೊಳ್ಳುತ್ತಿದ್ದರು. ಮರಳು ಕೆಳಗಿಳಿಯಿತೋ, ಸ್ಕೋರ್ ಹೇಳಿ ಗಡಿಯಾರ ತಿರುವಿಡುವುದು. ಈಗಷ್ಟೇ ರೇಡಿಯೋ ಹಾಕಿದವರಿಗೆ ಮೊದಲು ಬೇಕಾದದ್ದು ಅದೇ ತಾನೇ? ಟಾಕ್ ಶೋ ಬೇರೆಯದೇ ವಿದ್ಯೆ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ. ಕರೆ ಮಾಡಿದವರು ಹಳಿ ತಪ್ಪಿದಾಗ ಮನಸ್ಸು ನೋಯಿಸದೆ ಮಾತು ಕತ್ತರಿಸಬೇಕು. ಎರಡೂ ಒಲಿಯುವುದು ಅಪರೂಪ, ಬಕ್ ಅವರಿಗೆ ಒಲಿದಿತ್ತು. ಕುಂಟುತ್ತಿದ್ದ ಆಟಗಾರ ಕರ್ಕ್ ಗಿಬ್ಸನ್ 1988ರ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಅಂತಿಮ ಸರಣಿಯ ಮೊದಲ ಪಂದ್ಯದಲ್ಲಿ ಹೋಮ್ ರನ್ ಬಾರಿಸಿದಾಗ, ಈಗ ಕಂಡದ್ದನ್ನು ನಂಬಲಾರೆ ಎಂದು ರೇಡಿಯೋದಲ್ಲಿ ಕೂಗಿದವರು ಇವರೇ. ಅದು ಕಾರ್ಡಿನಲ್ಸ್ ಪಂದ್ಯವೂ ಅಲ್ಲ!

ಮೂರನೇ ಅಂಪೈರ್: ಅದು ಸರಿ. ಆದರೆ 1987ರಲ್ಲಿ ನ್ಯೂಯಾರ್ಕಿನಲ್ಲಿ ಡಬ್ಲ್ಯುಎಫ್‌ಎಎನ್ ರೇಡಿಯೋ ಬಂತು, ದಿನವಿಡೀ ಕ್ರೀಡೆಯ ಮಾತೇ. ಅಲ್ಲಿ ತಂಡವನ್ನು ಬೈಯಲು ಯಾರ ಅಪ್ಪಣೆಯೂ ಬೇಡ.

ಕಿವಿಗೊಟ್ಟವಳು: ಬೈಯುವುದೇ ಸ್ವಾತಂತ್ರ್ಯವಾದರೆ ಆಟ ನೋಡುವ ಕಷ್ಟವೇಕೆ? ಆಟಗಾರರ ಮುಖ ದಿನಾ ನೋಡಬೇಕಾದ ವಿವರಣೆಕಾರ ನಾಲಗೆ ಬಿಗಿಹಿಡಿದು, ಅಳೆದು ತೂಗಿ ಟೀಕಿಸುತ್ತಾನೆ. ನನಗೆ ಅದೇ ಇಷ್ಟ.

ಹಳೆಯ ಟ್ರಾನ್ಸಿಸ್ಟರ್: ಹಾಗಿದ್ದರೆ ಕಾರ್ಯಕ್ರಮದ ಆರಂಭದಲ್ಲೇ ‘ನಾನು ಇಂಥವರ ತಂಡದ ಮನುಷ್ಯ’ ಎಂದು ಹೇಳಿಬಿಡಲಿ. ನನ್ನ ಬೇಡಿಕೆ ಅಷ್ಟೇ.

ಸ್ಕೋರ್ ಪುಸ್ತಕ: 1953ರಿಂದ 1996ರವರೆಗೆ ಕಾರ್ಡಿನಲ್ಸ್ ತಂಡದ ಒಡೆತನ ಆನ್‌ಹೈಸರ್-ಬುಷ್ ಬಿಯರ್ ಕಂಪನಿಯದ್ದಾಗಿತ್ತು. ಕ್ರೀಡಾಂಗಣದ ಹೆಸರೇ ಬುಷ್. ಸೇಂಟ್ ಲೂಯಿಸ್‌ನಲ್ಲಿ ಅದನ್ನು ಯಾರಿಗೆ ಬಿಡಿಸಿ ಹೇಳಬೇಕಿತ್ತು?