ಅಪ್‌ಡೇಟ್: ಚಿಕ್ಕ ಮನೆಗೆ ಯಾವ ಸಾಮಾನು ಸಾಕು ಅಂತ ಕೇಳಿದ್ದೆನಲ್ಲ

ಮೂರು ವಾರದ ಹಿಂದೆ ಕೇಳಿದ್ದೆ: ತುಮಕೂರಿನ ಶೆಟ್ಟಿಹಳ್ಳಿಯ ದೊಡ್ಡ ಮನೆ ಬಿಟ್ಟು ಕ್ಯಾತ್ಸಂದ್ರದ ಎರಡು ಕೋಣೆ ಮನೆಗೆ ಹೋಗುತ್ತಿದ್ದೇವೆ, ಏನು ಇಟ್ಟುಕೊಳ್ಳಲಿ, ಏನು ಬಿಡಲಿ ಅಂತ. ಈಗ ಬಂದು ಸೇರಿದ್ದಾಯ್ತು.

ಕೆಲಸಕ್ಕೆ ಬಂದಿದ್ದು ಪೆಟ್ಟಿಗೆ ಉಪಾಯ. ಎಲ್ಲಾ ತುಂಬಿಡಿ, ಬೇಕಾದಾಗ ಮಾತ್ರ ತೆಗೆಯಿರಿ ಅಂದಿದ್ದರು ಒಬ್ಬರು. ಅವರಿಗೆ ತುಂಬಾ ಥ್ಯಾಂಕ್ಸ್. ಮೊದಲ ರಾತ್ರಿಯೇ ಹೊರಗೆ ಬಂದಿದ್ದು ಅತ್ತೆ ಕೊಟ್ಟ ಮುದ್ದೆ ಕೋಲು. ತುದಿ ಒಂದು ಕಡೆ ಸವೆದಿದೆ, ಹಿಡಿ ಕೈಯೆಣ್ಣೆಗೆ ಕಪ್ಪಾಗಿ ನುಣ್ಣಗಾಗಿದೆ. ಎರಡು ವಾರವಾದರೂ ಮೂರು ಪೆಟ್ಟಿಗೆಯ ಹಗ್ಗವನ್ನೇ ಬಿಚ್ಚಿರಲಿಲ್ಲ! ಜಾಸ್ತಿ ಇದ್ದಿದ್ದು ಮದುವೆಗೆ ಬಂದ ಸ್ಟೀಲ್ ಪಾತ್ರೆ. ಹೊಸದಾಗಿ ಸಂಸಾರ ಹೂಡಿದ ಪಕ್ಕದ ಮನೆಯವರಿಗೆ ಕೊಟ್ಟೆ, ಖುಷಿಯಾಯ್ತು.

ವರ್ಷದಿಂದ ಮುಟ್ಟದ್ದನ್ನು ಕೊಟ್ಟುಬಿಡಿ ಅನ್ನೋ ಸಲಹೆ ನನಗೆ ಹೊಂದಲಿಲ್ಲ. ಒರಳುಕಲ್ಲು ಬೇಕಾಗೋದು ಯುಗಾದಿಯ ಒಬ್ಬಟ್ಟಿನ ಹೂರಣಕ್ಕೆ ಮಾತ್ರ, ಆದರೆ ಅದಿಲ್ಲದೆ ನಮ್ಮನೆಯಲ್ಲಿ ಹಬ್ಬವೇ ಇಲ್ಲ. ಮನೆಯಲ್ಲಿ ಒಟ್ಟು ನೂರೇ ವಸ್ತು ಇಟ್ಟುಕೊಳ್ಳಿ ಅನ್ನೋ ಲೆಕ್ಕವೂ ನಾಲ್ಕು ಜನರ ಸಂಸಾರಕ್ಕೆ ಆಗಲಿಲ್ಲ.

ನಾನು ಅಂದುಕೊಳ್ಳದೇ ಇದ್ದಿದ್ದು ನೀರಿನ ಡ್ರಮ್. ಎರಡನ್ನೂ ಮಾರಲು ಹೊರಟಿದ್ದೆ. ಈ ಮನೆಯ ನಲ್ಲಿಯಲ್ಲಿ ದಿನಾ ನೀರು ಬರಲ್ಲ. ಈಗ ಸೋಫಾ ಇಲ್ಲ, ಡ್ರಮ್ ಇದೆ. ಯಾವುದು ಅಗತ್ಯ ಅಂತ ಹೋಗುವ ಮನೆಯನ್ನು ನೋಡಿಯೇ ಹೇಳಬೇಕು, ಅಲ್ವಾ?

ಫೋಟೊಗಳ ಪೆಟ್ಟಿಗೆ ಇನ್ನೂ ಹಾಗೇ ಇದೆ. ಅಮ್ಮ ಮುಂದಿನ ತಿಂಗಳು ಬರುತ್ತಾರೆ, ಜೊತೆಗೆ ಕೂತು ನೋಡುತ್ತೇವೆ.