ಪುತ್ತರಿಗೆ, ಕ್ರಿಸ್ಮಸ್‌ಗೆ ಕೃತಕ ಬಣ್ಣವಿಲ್ಲದ ಮಿಠಾಯಿ: ನಿಮ್ಮ ಅನುಭವ ಹೇಳಿ

ಮಡಿಕೇರಿ ಅಮ್ಮ:
ಮಗಳಿಗೆ ಆರು ವರ್ಷ. ಕೆಂಪು, ಕಿತ್ತಳೆ ಬಣ್ಣದ ಮಿಠಾಯಿ ತಿಂದರೆ ಸಂಜೆಯೊಳಗೆ ಮೈಮೇಲೆ ಪಿತ್ತಗಂಧೆ ಏಳುತ್ತದೆ. ಬಣ್ಣ ಹಾಕಿದ್ದನ್ನು ಪೂರ್ತಿ ಬಿಡಿಸಿ ನೋಡಿ ಅಂತ ಚರ್ಮದ ಡಾಕ್ಟರು ಹೇಳಿದ್ದಾರೆ. ಹಾಲು, ಕಡಲೆಕಾಯಿ, ಗೋಧಿ ಯಾವುದರಿಂದಲೂ ತೊಂದರೆ ಇಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಮಕ್ಕಳೆಲ್ಲ ಸೇರುತ್ತಾರೆ, ಆಮೇಲೆ ಶಾಲೆಯಲ್ಲಿ ಕ್ರಿಸ್ಮಸ್. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಮಾಡಲು ಪುರುಸೊತ್ತಿಲ್ಲ. ಮಡಿಕೇರಿ, ಕುಶಾಲನಗರದ ಕಡೆ ಕೊಳ್ಳಲು ಏನು ಸಿಗುತ್ತದೆ?

ವಿರಾಜಪೇಟೆ ಅಕ್ಕ:
ಮನೆಯಲ್ಲೇ ಮಾಡಿ, ಬೇರೆ ದಾರಿ ಇಲ್ಲ. ನನ್ನ ಮಗನಿಗೆ ಪೊಟ್ಟಣದ ಮೇಲೆ 102 ಅಂತ ಬರೆಯುವ ಬಣ್ಣ, ಅಂದರೆ ಟಾರ್ಟ್ರಜಿನ್, ಆಗುವುದಿಲ್ಲ. 110, ಅಂದರೆ ಸನ್‌ಸೆಟ್ ಯೆಲ್ಲೋ, ಕೂಡ ಅಷ್ಟೇ. ಅಂಗಡಿ ಮಿಠಾಯಿಯನ್ನು ನಾನು ಮನೆಯೊಳಗೇ ಬಿಡುವುದಿಲ್ಲ. ಮೊದಲು ಬೀಟ್‌ರೂಟ್ ಪುಡಿ ತರಿಸಿದೆ. 100 ಗ್ರಾಮಿಗೆ 340 ರೂಪಾಯಿ, ಮೇಲೆ ಕೊರಿಯರ್ 80. ಡಬ್ಬದ ಮೇಲೆ 'ಮಿಠಾಯಿಗೂ ಬಳಸಬಹುದು' ಅಂತ ಬರೆದಿತ್ತು. ಗಟ್ಟಿ ಮಿಠಾಯಿಗೆ ಪಾಕ ಸುಮಾರು 150 ಡಿಗ್ರಿ ಮುಟ್ಟಬೇಕಲ್ವಾ? ಆ ಬಿಸಿಗೆ ಬೀಟ್‌ರೂಟ್ ಬಣ್ಣ ಸತ್ತು ಮಣ್ಣಿನ ಬಣ್ಣಕ್ಕೆ ತಿರುಗಿತು. ಒಂದು ಕಿಲೋ ಸಕ್ಕರೆ ಚರಂಡಿಗೆ ಹೋಯಿತು. ಪಾಕಕ್ಕೆ ಇಡುವ ಥರ್ಮಾಮೀಟರ್‌ಗೆ 650 ಕೊಟ್ಟೆ, ಸಿಲಿಕಾನ್ ಅಚ್ಚಿಗೆ 220. ಬಣ್ಣವನ್ನು ಕೊನೆಗೆ ಹಾಕಿದರೆ ನಿಂತಿತು, ಆದರೆ ನಮ್ಮೂರಿನ ತೇವಕ್ಕೆ ಮಿಠಾಯಿ ರಾತ್ರಿ ಬೆಳಗಾಗುವುದರೊಳಗೆ ಅಂಟಂಟಾಯಿತು. ಈಗ ಬಣ್ಣದ ಗೊಡವೆಯೇ ಇಲ್ಲ. ಶುಂಠಿ, ಏಲಕ್ಕಿ, ತೋಟದ ಕಾಳುಮೆಣಸು ಹಾಕಿ ಮಾಡುತ್ತೇನೆ. ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ ಗಾಳಿಯಾಡದ ಡಬ್ಬಕ್ಕೆ ತುಂಬುತ್ತೇನೆ. ನೆಂಟರ ಮಕ್ಕಳು ಕೇಳಿ ತಿನ್ನುತ್ತಾರೆ.

ಸುಂಟಿಕೊಪ್ಪ ಅಪ್ಪ:
ನನ್ನ ಕಥೆ ಕೇಳಿ. 'ನೈಸರ್ಗಿಕ ಬಣ್ಣ' ಅಂತ ದೊಡ್ಡದಾಗಿ ಬರೆದ ಜೆಲ್ಲಿ ಮಿಠಾಯಿ, ಬೆಂಗಳೂರಿನಿಂದ ತರಿಸಿದ್ದು, ಅರ್ಧ ಕಿಲೋಗೆ 920 ರೂಪಾಯಿ. ಹುಡುಗನ ತುಟಿ ಊದಿಕೊಂಡಿತು. ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದೆವು. ಜೀಪಿಗೆ 1,400, ಇಂಜೆಕ್ಷನ್, ಮಾತ್ರೆ ಸೇರಿ 2,150. ಬೆಳಿಗ್ಗೆ ಪೊಟ್ಟಣ ತಿರುಗಿಸಿ ನೋಡಿದರೆ 120. ಅದು ಕಾರ್ಮೈನ್, ಒಂದು ಜಾತಿಯ ಹುಳುವಿನಿಂದ ತೆಗೆಯುವ ಕೆಂಪು. ನೈಸರ್ಗಿಕವೇ ನಿಜ, ಆದರೆ ಅಲರ್ಜಿ ತರುತ್ತದೆ. 160ಬಿ, ಅಂದರೆ ಅನಾಟೊ, ಅದೂ ಕೆಲವರಿಗೆ ಆಗುವುದಿಲ್ಲ. ಕಂಪನಿಗೆ ಬರೆದೆ. ಉತ್ತರ ಬರಲಿಲ್ಲ, ಹಣವೂ ಬರಲಿಲ್ಲ. 'ನೈಸರ್ಗಿಕ' ಅನ್ನುವ ಮಾತನ್ನು ಇಲ್ಲಿ ಯಾರೂ ಸಲಹೆ ಅಂತ ಕೊಡಬೇಡಿ.

ಗೋಣಿಕೊಪ್ಪ ಹುಡುಗ:
ಸುಮ್ನೆ ಯಾಕೆ ಹೆದರಿಸುತ್ತೀರಿ ಸಾರ್? ಸರ್ಕಾರ 2024ರಲ್ಲೇ ಬಣ್ಣ ನಿಷೇಧಿಸಿದೆ.

ಸುಂಟಿಕೊಪ್ಪ ಅಪ್ಪ:
ಸರಿಯಾಗಿ ಓದಿ ಬನ್ನಿ. 2024ರ ಮಾರ್ಚ್‌ನಲ್ಲಿ ನಿಂತಿದ್ದು ಬಣ್ಣದ ಬೊಂಬಾಯಿ ಮಿಠಾಯಿ (ಕಾಟನ್ ಕ್ಯಾಂಡಿ), ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣ. ರೋಡಮೈನ್-ಬಿ ಸಿಕ್ಕಿತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಜೂನ್‌ನಲ್ಲಿ ಕಬಾಬ್ ಸೇರಿತು. ಮಿಠಾಯಿಗೆ ಹಾಕುವ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್, ಪೊನ್ಸೊ ಇವತ್ತಿಗೂ ಕಾನೂನಿನ ಪ್ರಕಾರವೇ ಇವೆ, ಕಿಲೋಗೆ 100 ಮಿಲಿಗ್ರಾಂವರೆಗೆ. ಈ ನಾಲ್ಕು ಬಣ್ಣ ಇರುವ ತಿಂಡಿಯ ಮೇಲೆ ಯುರೋಪಿನಲ್ಲಿ 2010ರಿಂದ ಮಕ್ಕಳ ಚಟುವಟಿಕೆ, ಗಮನದ ಬಗ್ಗೆ ಎಚ್ಚರಿಕೆ ಬರೆಯಲೇಬೇಕು. ನಮ್ಮಲ್ಲಿ ಆ ಮಾತೇ ಇಲ್ಲ.

ಕುಶಾಲನಗರ ಚಾಕೊಲೇಟ್:
ನಾನು ಮನೆಯಲ್ಲಿ ಚಾಕೊಲೇಟ್ ಮಾಡಿ ಮಾರುವವಳು. ನಮ್ಮ ಸಾದಾ ಡಾರ್ಕ್, ಹಾಲಿನ ಚಾಕೊಲೇಟಿನಲ್ಲಿ ಬಣ್ಣ ಇಲ್ಲ. ಗುಲಾಬಿ, ಹಸಿರು, ನೀಲಿ ಇರುವುದು ಬಿಳಿ ಚಾಕೊಲೇಟಿಗೆ ಎಣ್ಣೆಯಲ್ಲಿ ಬೆರೆಯುವ ತಿಂಡಿ ಬಣ್ಣ ಕಲಸಿದ್ದು. ಅದನ್ನು ನಾನು ಬಿಟ್ಟೆ. ಬಿಟ್ಟ ಸೀಸನ್‌ನಲ್ಲಿ ಪ್ರವಾಸಿಗರು ಡಬ್ಬ ತೆರೆದು 'ಕಲರ್ ಇಲ್ವಾ' ಅಂತ ಪಕ್ಕದ ಅಂಗಡಿಗೆ ಹೋದರು. 38,000 ರೂಪಾಯಿ ಮಾಲು ಉಳಿಯಿತು, ಬಾಡಿಗೆ ಕೈಯಿಂದ ಕಟ್ಟಿದೆ. ಆದರೂ ಮತ್ತೆ ಬಣ್ಣ ಮುಟ್ಟಲಿಲ್ಲ. ಅದಕ್ಕೇ ಹೇಳುತ್ತೇನೆ, ಕೊಡಗಿನ ಚಾಕೊಲೇಟ್ ಅಂದರೆ ಬಣ್ಣದ್ದೇ ಅಂದುಕೊಳ್ಳಬೇಡಿ.

ಸುಂಟಿಕೊಪ್ಪ ಅಪ್ಪ:
ಮೇಡಂ, ಬಿಡಿಯಾಗಿ ತೂಗಿ ಕೊಡುವ ಚಾಕೊಲೇಟಿಗೆ ಲೇಬಲ್ ಎಲ್ಲಿದೆ? ನಿಮ್ಮ ಮಾತನ್ನು ನಂಬಿ ಮಗುವಿನ ಬಾಯಿಗೆ ಇಡಬೇಕಾ?

ಕುಶಾಲನಗರ ಚಾಕೊಲೇಟ್:
ನನ್ನ ಡಬ್ಬದ ಮೇಲೆ ಪ್ರತಿಯೊಂದು ಪದಾರ್ಥವನ್ನೂ ಬರೆದಿದ್ದೇನೆ, ನೋಂದಣಿ ನಂಬರೂ ಇದೆ. ಯಾರೋ ಮೋಸ ಮಾಡಿದರು ಅಂತ ಎಲ್ಲರನ್ನೂ ಕಳ್ಳರು ಅನ್ನಬೇಡಿ. ನನ್ನ ಇಬ್ಬರು ಮಕ್ಕಳೂ ಅದನ್ನೇ ತಿನ್ನುತ್ತಾರೆ.

ಸೋಮವಾರಪೇಟೆ ಅಜ್ಜ:
ಇಷ್ಟೆಲ್ಲ ಯಾಕಮ್ಮ? ಪುತ್ತರಿಗೆ ತಂಬುಟ್ಟು ಸಾಲದಾ? ಹುರಿದ ಅಕ್ಕಿ ಪುಡಿ, ಚೆನ್ನಾಗಿ ಹಣ್ಣಾದ ಬಾಳೆ, ಎಳ್ಳು, ತೆಂಗಿನತುರಿ, ತುಪ್ಪ. ಬಣ್ಣ ಬೇಕಂದರೆ ಪುತ್ತರಿ ಗೆಣಸು ಬೇಯಿಸಿ, ಒಳಗೆಲ್ಲ ನೇರಳೆ. ಬೆಲ್ಲವೋ ಜೇನೋ ಹಚ್ಚಿ ಕೊಡಿ. ನಮ್ಮ ಮನೆಯ ಯಾವ ಮಗುವಿಗೂ ಏನೂ ಆಗಿಲ್ಲ.

ವಿರಾಜಪೇಟೆ ಅಕ್ಕ:
ಅಜ್ಜ, ಯಾವ ಬೆಲ್ಲ ಅನ್ನುವುದನ್ನೂ ಹೇಳಿ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಆಲೆಮನೆಯಲ್ಲಿ ಹೈಡ್ರೋಸ್, ಅಂದರೆ ಬಣ್ಣ ತಿಳಿಮಾಡುವ ರಾಸಾಯನಿಕ, ಹಾಕುತ್ತಾರೆ. ಅದರ ಗಂಧಕದ ಅಂಶ ಉಬ್ಬಸ ಇರುವ ಮಕ್ಕಳಿಗೆ ಆಗುವುದಿಲ್ಲ. ನನ್ನ ತಂಗಿ ಮಗಳಿಗೆ ಕಡಲೆ ಮಿಠಾಯಿ ತಿಂದ ಮೇಲೆ ಉಬ್ಬಸ ಹತ್ತಿ ಇನ್ಹೇಲರ್ ಇಡಬೇಕಾಯಿತು. ನಾನು ಕಪ್ಪು ಬೆಲ್ಲ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಸೋಮವಾರಪೇಟೆ ಅಜ್ಜ:
ಎಲ್ಲರೂ ಹಾಕುವುದಿಲ್ಲಮ್ಮ. ಮಂಡ್ಯದ ಕಡೆ ನನಗೆ ಗೊತ್ತಿರುವ ಆಲೆಮನೆಯವರು ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಾರೆ. ಬೆವರು ಸುರಿಸಿ ಬೆಲ್ಲ ಮಾಡುವವರನ್ನು ಅನ್ನಬೇಡಿ.

ವಿರಾಜಪೇಟೆ ಅಕ್ಕ:
ಯಾರನ್ನೂ ಅಂದಿಲ್ಲ. ಮಗು ಉಸಿರಿಗೆ ಒದ್ದಾಡುವುದನ್ನು ನೋಡಿದವಳು ನಾನು.

ಮಡಿಕೇರಿ ಅಮ್ಮ:
ಎಲ್ಲರಿಗೂ ಧನ್ಯವಾದ. ಆದರೆ ಮಾಡಲು ಸಮಯ ಇಲ್ಲ ಅಂತ ಮೊದಲೇ ಬರೆದಿದ್ದೆ. ಮಗಳಿಗೆ ಉಬ್ಬಸ ಇಲ್ಲ. ಕೊಳ್ಳುವುದು ಏನು?

ಪೊನ್ನಂಪೇಟೆ ಟೀಚರ್:
ಎಳ್ಳುಂಡೆ, ಕಡಲೆ ಮಿಠಾಯಿ, ಕಲ್ಲುಸಕ್ಕರೆ, ಬಿಳಿ ಬತ್ತಾಸು, ಸಾದಾ ಡಾರ್ಕ್ ಚಾಕೊಲೇಟ್. ಪೊಟ್ಟಣದ್ದಾದರೆ 'ಪರ್ಮಿಟೆಡ್ ಸಿಂಥೆಟಿಕ್ ಫುಡ್ ಕಲರ್' ಅನ್ನುವ ಸಾಲು ಹುಡುಕಿ. ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಕ್ಲಾಸ್ ಟೀಚರ್ ಹತ್ತಿರ ಮಗಳ ಹೆಸರು ಬರೆದ ಒಂದು ಡಬ್ಬ ಕೊಟ್ಟಿಡಿ, ಬೇರೆ ಮಕ್ಕಳಿಗೆ ಹಂಚುವಾಗ ಅವಳಿಗೆ ಅದರಿಂದ ಕೊಡುತ್ತಾರೆ.

ಗೋಣಿಕೊಪ್ಪ ಹುಡುಗ:
ಒಂದು ಮಗುವಿಗೆ ಬೇರೆ ಡಬ್ಬ ಇಟ್ಟರೆ ಉಳಿದವರು ಆಡಿಕೊಳ್ಳುವುದಿಲ್ವಾ?

ಪೊನ್ನಂಪೇಟೆ ಟೀಚರ್:
ನನ್ನ ತರಗತಿಯಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ಆಡಿಕೊಳ್ಳಲು ನಾನು ಬಿಡುವುದಿಲ್ಲ.

ಸುಂಟಿಕೊಪ್ಪ ಅಪ್ಪ:
ನನ್ನ ಮಗನ ಹಳೆಯ ಶಾಲೆಯಲ್ಲಿ ಆಡಿಕೊಳ್ಳಲು ಬಿಟ್ಟರು. ಫೀಸು 46,000 ಕಟ್ಟಿದ್ದೆ, ವರ್ಷದ ನಡುವೆ ಬಿಡಿಸಿ ಬೇರೆ ಕಡೆ ಸೇರಿಸಿದೆ. ಎಲ್ಲ ಟೀಚರೂ ನಿಮ್ಮ ಹಾಗೆ ಅಂತ ಹೇಳಬೇಡಿ.

ಕುಶಾಲನಗರ ಚಾಕೊಲೇಟ್:
ಮಡಿಕೇರಿ ಅಕ್ಕ, ಸಾದಾ ಡಾರ್ಕ್ ಕಿಲೋಗೆ 960. ಪದಾರ್ಥಗಳ ಪಟ್ಟಿಯ ಫೋಟೋ ಇವತ್ತೇ ಕಳಿಸುತ್ತೇನೆ, ಡಾಕ್ಟರಿಗೆ ತೋರಿಸಿ ಆಮೇಲೆ ಕೊಳ್ಳಿ. ಸುಂಟಿಕೊಪ್ಪದ ಸಾರ್‌ಗೂ ಕಳಿಸುತ್ತೇನೆ.